ಲೆಕ್ಕ ನಮ್ಮದು, ಯಂತ್ರ ಬಾಡಿಗೆಯದು

(ಸಂಘದ ಬೆಳ್ಳಿಹಬ್ಬದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನನಗೆ ನಾಲ್ಕು ಮಾತು ಹೇಳುವ ಅವಕಾಶ ಕೊಟ್ಟಿದ್ದೀರಿ. ಬೆಳ್ಳಿಹಬ್ಬದಾಗ ಹಿಂದಿನ ದಿನಗಳನ್ನು ನೆನೆಯುವುದು ರೂಢಿ. ಆದರೆ ನಿಮ್ಮ ಆಡಳಿತ ಮಂಡಳಿಯವರು ನನಗೆ ಮುಂದಿನ ದಿನಗಳ ವಿಷಯ ಕೊಟ್ಟಿದ್ದಾರೆ. ಹುಬ್ಬಳ್ಳಿಯಲ್ಲಿ ಅಂಗಡಿ, ಅಡತಿ, ಸಂಘಗಳ ಲೆಕ್ಕಪತ್ರ ನೋಡುವ ಕೆಲಸ ನನ್ನದು. ಹಾಗಾಗಿ ಈ ವಿಷಯ ನನಗೆ ದಿನವೂ ಎದುರಾಗುವಂಥಾದ್ದೇ.

ವಿಷಯ ಏನಪಾ ಅಂದರೆ, ಸಂಘದ ಆಫೀಸಿನ ಕಂಪ್ಯೂಟರಿನಲ್ಲಿ ಒಮ್ಮೆ ರೊಕ್ಕ ಕೊಟ್ಟು ಹಾಕಿಸಿದ ಲೆಕ್ಕದ ಸಾಫ್ಟ್‌ವೇರ್ ಇದೆ. ಅದನ್ನು ಬಿಟ್ಟು, ವರ್ಷಾ ವರ್ಷಾ ಚಂದಾ ಕಟ್ಟಿ ಬಳಸುವ ಆನ್‌ಲೈನ್ ಸೇವೆಗೆ ಹೋಗಬೇಕೋ ಬೇಡವೋ ಎಂಬ ಪ್ರಶ್ನೆ ಮುಂದಿನ ಮಹಾಸಭೆಗೆ ಬರಲಿದೆ. ಸಭೆ ಶುರುವಾಗುವ ಮೊದಲೇ ಹಿರಿಯರೊಬ್ಬರು ನನ್ನನ್ನು ಕೇಳಿದರು: "ಅಲ್ರೀ, ಒಮ್ಮೆ ರೊಕ್ಕ ಕೊಟ್ಟು ತಗೊಂಡದ್ದಕ್ಕ ಮತ್ಯಾಕ ವರ್ಷಾ ವರ್ಷಾ ಕೊಡಬೇಕು?" ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಹುಡುಕುವುದೇ ಇವತ್ತಿನ ನನ್ನ ಕೆಲಸ.

ನಮ್ಮ ಸೀಮೆಯಲ್ಲಿ ಸಹಕಾರದ ಮಾತು ಬಂದರೆ ಕಣಗಿನಹಾಳದಿಂದಲೇ ಶುರು ಮಾಡಬೇಕು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷ, 1905ರಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಗದುಗಿನ ಹತ್ತಿರದ ಕಣಗಿನಹಾಳದಲ್ಲಿ ಸಂಘ ಕಟ್ಟಿದರು. ಗದಗ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯ ತನಕ ಆ ಊರು ನಮ್ಮ ಧಾರವಾಡ ಜಿಲ್ಲೆಯದೇ. ಸಾಲ ಕೊಡುವ ಸಾಹುಕಾರನ ಮನೆಯಲ್ಲಿದ್ದ ಲೆಕ್ಕದ ಪುಸ್ತಕ, ರೈತರೇ ಕೂಡಿ ಕಟ್ಟಿದ ಸಂಘದ ಕಪಾಟಿಗೆ ಬಂತು. ಬಡ್ಡಿ ಎಷ್ಟು, ಅಸಲು ಎಷ್ಟು ಎಂಬುದನ್ನು ಸದಸ್ಯನು ಕೇಳಿ ನೋಡಬಹುದಾಯಿತು. ನನ್ನ ತಿಳಿವಳಿಕೆಯಲ್ಲಿ ಸಹಕಾರದ ಅರ್ಧ ಸಾರ ಇದರಲ್ಲೇ ಇದೆ: ಲೆಕ್ಕ ಯಾರ ಕೈಯಲ್ಲಿದೆಯೋ ಹಿಡಿತ ಅವರ ಕೈಯಲ್ಲಿ. ಇವತ್ತಿನ ಪ್ರಶ್ನೆಯನ್ನೂ ಇದೇ ಒರೆಗಲ್ಲಿಗೆ ತಿಕ್ಕಿ ನೋಡಬೇಕು.

ಮೊದಲು ಒಂದು ತಪ್ಪು ತಿಳಿವಳಿಕೆ ದೂರ ಮಾಡೋಣ. ಸಾಫ್ಟ್‌ವೇರನ್ನು ನಾವು "ಕೊಂಡೆವು" ಎನ್ನುತ್ತೇವೆ. ನಿಜ ಹೇಳಬೇಕೆಂದರೆ ಅದನ್ನು ಯಾರೂ ಹೊಲ ಕೊಂಡಂತೆ ಕೊಂಡಿರುವುದಿಲ್ಲ. ಕೊಂಡದ್ದು ಬಳಸುವ ಪರವಾನಗಿ, ಅಂದರೆ ಲೈಸೆನ್ಸ್. ಹಳೆಯ ಕಾಲದ ಲೈಸೆನ್ಸಿಗೆ ಮುದ್ದತು ಇರಲಿಲ್ಲ. ಒಮ್ಮೆ ರೊಕ್ಕ ಕೊಟ್ಟರೆ ಕಂಪ್ಯೂಟರ್ ಇರುವ ತನಕ ನಡೆಯುತ್ತಿತ್ತು. ಕಂಪನಿ ಮುಚ್ಚಿದರೂ ನಮ್ಮ ಟೇಬಲ್ಲಿನ ಮೇಲೆ ಅದು ಓಡುತ್ತಿತ್ತು. ಹೊಸ ಪದ್ಧತಿಯಲ್ಲಿ ಲೈಸೆನ್ಸಿಗೆ ಮುದ್ದತು ಬಂತು. ಸಾಫ್ಟ್‌ವೇರೂ ನಮ್ಮ ಕಂಪ್ಯೂಟರಿನಲ್ಲಿ ಇರುವುದಿಲ್ಲ, ಲೆಕ್ಕವೂ ಇರುವುದಿಲ್ಲ. ಎರಡೂ ಎಲ್ಲೋ ದೂರದ ಸರ್ವರಿನಲ್ಲಿ. ನಾವು ಇಂಟರ್ನೆಟ್ಟಿನ ಮೂಲಕ ಅದರ ಬಾಗಿಲು ತೆರೆದು ಕೆಲಸ ಮಾಡುತ್ತೇವೆ. ಒಂದು ರೀತಿಯಲ್ಲಿ ಇದು ಲಾವಣಿ ಹಿಡಿದ ಹೊಲ ಇದ್ದಂಗ. ಬೆಳೆ ನಮ್ಮದು, ಹೊಲ ಅವರದು.

ಇದು ಬರೀ ನಮ್ಮ ಸಂಘಕ್ಕೆ ಬಂದ ಪ್ರಶ್ನೆಯಲ್ಲ, ಜಗತ್ತಿಗೇ ಬಂದದ್ದು. ಹುಬ್ಬಳ್ಳಿಯ ಪ್ರಿಂಟಿಂಗ್ ಪ್ರೆಸ್ಸುಗಳಲ್ಲಿ ಲಗ್ನಪತ್ರಿಕೆ ಮಾಡುವವರು ಪೇಜ್‌ಮೇಕರ್, ಫೋಟೋಶಾಪ್ ಎನ್ನುವುದನ್ನು ಕೇಳಿರುತ್ತೀರಿ. ಫೋಟೋಶಾಪ್ ಮಾಡುವ ಅಡೋಬಿ ಕಂಪನಿಯು 2013ರ ಮೇ ತಿಂಗಳಲ್ಲಿ, ಇನ್ನು ಮುಂದೆ ತನ್ನ ಹೊಸ ಆವೃತ್ತಿಗಳನ್ನು ಡಬ್ಬಿಯಲ್ಲಿ ಮಾರುವುದಿಲ್ಲ, ಚಂದಾ ಕಟ್ಟಿದವರಿಗೆ ಮಾತ್ರ ಎಂದು ಸಾರಿತು. ಮೈಕ್ರೋಸಾಫ್ಟ್ ಕಂಪನಿ 2011ರಲ್ಲೇ ಆಫೀಸ್ 365 ಎಂಬ ಚಂದಾ ಸೇವೆ ತೆರೆದಿತ್ತು. ಅಡೋಬಿಯ ವರ್ಷದ ಆದಾಯ 2012ರಲ್ಲಿ ಸುಮಾರು 440 ಕೋಟಿ ಡಾಲರ್ ಇದ್ದದ್ದು 2013ರಲ್ಲಿ ಸುಮಾರು 405 ಕೋಟಿಗೆ ಇಳಿಯಿತು. ಯಾಕೆಂದರೆ ಒಮ್ಮೆಲೇ ಬರುತ್ತಿದ್ದ ದೊಡ್ಡ ರೊಕ್ಕ ನಿಂತು ತಿಂಗಳ ಚಿಲ್ಲರೆ ಬರತೊಡಗಿತು. ಆದರೆ 2019ರ ಹೊತ್ತಿಗೆ ಅದೇ ಆದಾಯ 1,100 ಕೋಟಿ ಡಾಲರ್ ದಾಟಿತು. ಹನಿ ಹನಿ ಕೂಡಿದರೆ ಹಳ್ಳ ಅಂತಾರಲ್ಲ, ಹಂಗಾತು. ಇದನ್ನು ಕಂಡು ಉಳಿದ ಕಂಪನಿಗಳೂ ಆ ಹಾದಿ ಹಿಡಿದವು.

ಕಂಪನಿಯವರ ಕಡೆಯ ನ್ಯಾಯವನ್ನೂ ಕೇಳಬೇಕು. ಒಂದನೆಯದಾಗಿ, ಒಂದು ಸಿ.ಡಿ. ತಂದು ಹತ್ತು ಅಂಗಡಿಗೆ ಹಾಕಿಕೊಳ್ಳುವ ಚಾಳಿ ನಮ್ಮಲ್ಲಿ ಇತ್ತು. ದುಡಿದವನಿಗೆ ಕೂಲಿ ಸಿಗುತ್ತಿರಲಿಲ್ಲ. ಎರಡನೆಯದಾಗಿ, ಸಾಫ್ಟ್‌ವೇರ್ ಎಂಬುದು ಒಮ್ಮೆ ಮಾಡಿ ಇಟ್ಟರೆ ಕೆಡದ ವಸ್ತುವಲ್ಲ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗ ಅಮರಗೋಳದ ಎ.ಪಿ.ಎಂ.ಸಿ.ಯ ಅಡತಿ ಅಂಗಡಿಗೂ ಅದೇ ಪಾಡು, ದುರ್ಗದಬೈಲಿನ ಬಟ್ಟೆ ಅಂಗಡಿಗೂ ಅದೇ ಪಾಡು: ಹಳೆಯ ಲೆಕ್ಕದ ಸಾಫ್ಟ್‌ವೇರ್ ಒಂದೇ ರಾತ್ರಿಯಲ್ಲಿ ಹಳತಾಯಿತು. ಕಾಯಿದೆ ಬದಲಾದಂತೆ ಅದನ್ನು ತಿದ್ದುತ್ತಲೇ ಇರಬೇಕು. ತಿದ್ದುವವನಿಗೆ ವರ್ಷವೂ ಪಗಾರ ಬೇಕು. ಮೂರನೆಯದಾಗಿ, ನಾವು ಕೊಂಡದ್ದೂ ಶಾಶ್ವತವಲ್ಲ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ ನಿಂತಿತು. ಕಂಪ್ಯೂಟರ್ ಓಡುತ್ತದೆ, ಆದರೆ ಕಳ್ಳರು ನುಗ್ಗುವ ಕಿಂಡಿ ಮುಚ್ಚುವವರು ಇರುವುದಿಲ್ಲ. ಸದಸ್ಯರ ಠೇವಿನ ಲೆಕ್ಕ ಅಂಥ ಯಂತ್ರದಲ್ಲಿ ಇಡುವುದು ಬೀಗ ಇಲ್ಲದ ತಿಜೋರಿಯಲ್ಲಿ ಇಟ್ಟಂತೆ.

ನಡುವಿನ ದಾರಿಯೂ ಒಂದಿದೆ. ನಮ್ಮ ಬೆಂಗಳೂರಿನ ಟ್ಯಾಲಿ ಕಂಪನಿಯನ್ನೇ ನೋಡಿರಿ. 1986ರಲ್ಲಿ ಶ್ಯಾಮಸುಂದರ ಗೋಯೆಂಕಾ ಹಾಗೂ ಅವರ ಮಗ ಭರತ ಗೋಯೆಂಕಾ ಶುರು ಮಾಡಿದ್ದು. ಅಲ್ಲಿ ಮುದ್ದತಿಲ್ಲದ ಲೈಸೆನ್ಸ್ ಕೊಳ್ಳಬಹುದು. ಹೊಸ ತಿದ್ದುಪಡಿ, ಆನ್‌ಲೈನ್ ಸೌಲಭ್ಯ ಬೇಕಾದರೆ ವರ್ಷಕ್ಕೊಮ್ಮೆ ಬೇರೆ ರೊಕ್ಕ ಕಟ್ಟಬೇಕು. ಕಟ್ಟದಿದ್ದರೆ ಹೊಸದು ಬರುವುದಿಲ್ಲ, ಆದರೆ ಇದ್ದ ಆವೃತ್ತಿಯಲ್ಲಿ ಹಳೆಯ ಲೆಕ್ಕ ತೆರೆದು ನೋಡಲು, ಬರೆಯಲು ಅಡ್ಡಿ ಇಲ್ಲ. ಈ ಒಂದು ವ್ಯತ್ಯಾಸವನ್ನು ಗಟ್ಟಿಯಾಗಿ ನೆನಪಿಡಿರಿ. ವಾರಪತ್ರಿಕೆಯ ಚಂದಾ ನಿಲ್ಲಿಸಿದರೆ ಹೊಸ ಸಂಚಿಕೆ ಬರುವುದಿಲ್ಲ. ಹಳೆಯ ಸಂಚಿಕೆಗಳು ಮನೆಯ ಅಟ್ಟದ ಮೇಲೆ ಇರುತ್ತವೆ. ಆನ್‌ಲೈನ್ ಸಾಫ್ಟ್‌ವೇರಿನ ಚಂದಾ ನಿಂತರೆ ಅಟ್ಟಕ್ಕೂ ಬೀಗ ಬೀಳಬಹುದು.

"ಒಮ್ಮೆ ಕೊಟ್ಟದ್ದು ಮತ್ತೆ ಮತ್ತೆ ಕೊಡುವುದು" ನಮಗೆ ಹೊಸ ಅನುಭವವೇನಲ್ಲ. ಮೊಬೈಲ್ ಸಿಮ್ಮಿನ ಕಥೆ ನೆನಪಿರಬಹುದು. 2006ರ ಸುಮಾರಿಗೆ ಸಾವಿರ ರೂಪಾಯಿ ಹತ್ತಿರ ಕೊಟ್ಟು "ಲೈಫ್‌ಟೈಮ್" ಸಿಮ್ ತಗೊಂಡವರು ಇಲ್ಲೇ ಎಷ್ಟೋ ಮಂದಿ ಇದ್ದೀರಿ. 2018ರ ಕೊನೆಗೆ ದೊಡ್ಡ ಕಂಪನಿಗಳು 28 ದಿನಕ್ಕೆ 35 ರೂಪಾಯಿಯಾದರೂ ಹಾಕಿಸಲೇಬೇಕು ಎಂಬ ಕಟ್ಟಳೆ ತಂದವು. ಆಮೇಲೆ ಆ ದರ ಎಲ್ಲಿಗೆ ಹೋಯಿತು ಎಂಬುದನ್ನು ನಾನು ಹೇಳಬೇಕಾಗಿಲ್ಲ. ತಿಂಗಳಿಗೆ 30 ದಿನ, ರಿಚಾರ್ಜಿಗೆ 28 ದಿನ. ವರ್ಷಕ್ಕೆ ಹದಿಮೂರು ಸಲ ಆಗುತ್ತದೆ. ನಮ್ಮ ತಾಯಂದಿರು ಈ ಲೆಕ್ಕವನ್ನು ಮೊದಲೇ ಹಿಡಿದಿದ್ದಾರೆ.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ಊರುಗಳಲ್ಲಿ ಆಯದ ಪದ್ಧತಿ ಇತ್ತು. ಕಂಬಾರನು ವರ್ಷವಿಡೀ ಕುಡಗೋಲು ಹಣಿಯುತ್ತಿದ್ದ, ಬಡಿಗೇರನು ರಂಟಿ-ಕುಂಟಿ ರಿಪೇರಿ ಮಾಡುತ್ತಿದ್ದ. ಒಂದೊಂದು ಕೆಲಸಕ್ಕೆ ರೊಕ್ಕ ಕೇಳುತ್ತಿರಲಿಲ್ಲ. ರಾಶಿಯ ಕಾಲಕ್ಕೆ ಕಣಕ್ಕೆ ಬಂದು ಆಯದ ಕಾಳು ಒಯ್ಯುತ್ತಿದ್ದ. ಇದೂ ವರ್ಷದ ಚಂದಾನೇ ಅಲ್ಲೇನ್ರೀ? ಅದರಲ್ಲಿ ಕಸುಬುದಾರನಿಗೆ ಎಷ್ಟೋ ಸಲ ಅನ್ಯಾಯವೂ ಆಗುತ್ತಿತ್ತು, ಅದನ್ನು ಮರೆಯಬಾರದು. ದರ ನಿಲ್ಲಿಸುವವರು ಹೊಲದವರು, ಕೈಯೊಡ್ಡುವವನು ದುಡಿದವನು. ಈಗ ತಿರುವು ಮುರುವಾಗಿದೆ. ದರ ನಿಲ್ಲಿಸುವವನು ಕಂಪನಿಯವನು, ಕಟ್ಟುವವರು ನಾವು. ಮತ್ತೊಂದು ಭೇದ: ಕಂಬಾರನ ಕುಲುಮೆ ಊರಾಗೇ ಇತ್ತು. ಕೆಲಸ ಕೆಟ್ಟರೆ ಹೋಗಿ ಕೇಳಬಹುದಿತ್ತು. ಈಗಿನ ಕುಲುಮೆ ಎಲ್ಲಿದೆಯೋ ಗೊತ್ತಿಲ್ಲ, ಫೋನ್ ಹಚ್ಚಿದರೆ "ಒಂದು ಒತ್ತಿ, ಎರಡು ಒತ್ತಿ" ಎನ್ನುತ್ತದೆ.

ಹಾಗಾದರೆ ಬಾಡಿಗೆ ಕೆಟ್ಟದ್ದೇ? ಹಾಗೇನಿಲ್ಲ. ಕೃಷಿ ಯಂತ್ರಧಾರೆ ಕೇಂದ್ರದಿಂದ ರೋಟಾವೇಟರ್ ಬಾಡಿಗೆಗೆ ತರುತ್ತೀರಿ. ವರ್ಷಕ್ಕೆ ಮೂರು ದಿನ ಬೇಕಾಗುವ ಯಂತ್ರಕ್ಕೆ ಲಕ್ಷ ರೂಪಾಯಿ ಹೂಡುವುದು ಶಾಣ್ಯಾತನ ಅಲ್ಲ. ಆದರೆ ಲೆಕ್ಕದ ಯಂತ್ರ ವರ್ಷಕ್ಕೆ ಮೂರು ದಿನದ್ದಲ್ಲ, ದಿನದ್ದು. ಆದ್ದರಿಂದ ಕಾಗದ ಪೆನ್ನು ತಗೊಂಡು ಲೆಕ್ಕ ಹಾಕಬೇಕು. ಬರೀ ತಿಳಿಯಲಿಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಂಕಿ ನಾನು ಹಿಡಿದದ್ದು, ನೀವು ನಿಮ್ಮ ಕೊಟೇಶನ್ ನೋಡಿ ಬದಲಿಸಿಕೊಳ್ಳಿರಿ.

ಕೊಂಡರೆ: ಮೊದಲಿಗೆ 60,000 ರೂಪಾಯಿ. ಎರಡನೆಯ ವರ್ಷದಿಂದ ದುರಸ್ತಿ ಕರಾರಿಗೆ ವರ್ಷಕ್ಕೆ 9,000, ಒಂಬತ್ತು ವರ್ಷಕ್ಕೆ 81,000. ನಡುವೆ ಒಮ್ಮೆ ಹೊಸ ಆವೃತ್ತಿಗೆ 30,000. ಹತ್ತು ವರ್ಷಕ್ಕೆ ಒಟ್ಟು 1,71,000 ರೂಪಾಯಿ.

ಚಂದಾ ಆದರೆ: ವರ್ಷಕ್ಕೆ 18,000. ಹತ್ತು ವರ್ಷಕ್ಕೆ 1,80,000. ಅಂದರೆ ಹೆಚ್ಚು ಕಡಿಮೆ ಸಮ. ಪ್ರತಿಗಳನ್ನು ಕಾಯುವ ಕೆಲಸ, ದೊಡ್ಡ ಕಂಪ್ಯೂಟರಿನ ಖರ್ಚು ಉಳಿಯುವುದನ್ನು ಹಿಡಿದರೆ ಚಂದಾನೇ ಸೋವಿ ಆಗಬಹುದು.

ಆದರೆ ಅದೇ ಚಂದಾ ವರ್ಷಕ್ಕೆ ನೂರಕ್ಕೆ ಹತ್ತರಂತೆ ಏರುತ್ತ ಹೋದರೆ? ಹತ್ತು ವರ್ಷಕ್ಕೆ ಸುಮಾರು 2,87,000 ರೂಪಾಯಿ ಆಗುತ್ತದೆ. ಸದಸ್ಯ ಬಾಂಧವರೇ, ಚಕ್ರಬಡ್ಡಿ ಅಂದರೆ ಏನೆಂದು ಪತ್ತಿನ ಸಂಘದವರಿಗೆ ಕಲಿಸಬೇಕೇ? ಭಯ ಇರುವುದು ಬಾಡಿಗೆಯಲ್ಲಿ ಅಲ್ಲ, ಬಾಡಿಗೆಯ ಏರಿಕೆಯಲ್ಲಿ. ಐದು ವರ್ಷದ ಲೆಕ್ಕ ಒಂದು ಕಡೆ ಕೂಡಿದ ಮೇಲೆ ಬಿಟ್ಟು ಹೋಗುವುದು ಕಷ್ಟ ಎಂಬುದು ಮಾರುವವನಿಗೂ ಗೊತ್ತು.

ರೊಕ್ಕದ ಮಾತು ಮುಗಿಯಿತು. ಇನ್ನು ಅದಕ್ಕಿಂತ ದೊಡ್ಡ ಮಾತು. ಎರಡು ನಡೆದ ಸಂಗತಿ ಹೇಳುತ್ತೇನೆ.

ಮೊದಲನೆಯದು 2024ರ ಜುಲೈ ಕೊನೆಯದು. ಟಿ.ಸಿ.ಎಸ್. ಮತ್ತು ಸ್ಟೇಟ್ ಬ್ಯಾಂಕ್ ಸೇರಿ ಕಟ್ಟಿದ ಸಿ-ಎಡ್ಜ್ ಎಂಬ ಕಂಪನಿ ಸಣ್ಣ ಬ್ಯಾಂಕುಗಳಿಗೆ ಆನ್‌ಲೈನ್ ಸೇವೆ ಕೊಡುತ್ತಿತ್ತು. ಅದರ ವ್ಯವಸ್ಥೆಯ ಮೇಲೆ ಸುಲಿಗೆ ವೈರಸ್ಸಿನ ದಾಳಿ ಆಯಿತು. ದಾಳಿ ಬೇರೆಡೆ ಹರಡಬಾರದೆಂದು ರಾಷ್ಟ್ರೀಯ ಪಾವತಿ ನಿಗಮದವರು ಅದರ ಸಂಪರ್ಕ ಕಡಿದರು. ಅದನ್ನು ನಂಬಿಕೊಂಡಿದ್ದ ಸುಮಾರು 300 ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಯು.ಪಿ.ಐ., ಎ.ಟಿ.ಎಂ. ನಿಂತವು. ಆಗಸ್ಟ್ 1ರಂದು ಸಂಪರ್ಕ ಮರಳಿ ಕೊಡಲಾಯಿತು. ಆ ಬ್ಯಾಂಕುಗಳು ಏನೂ ತಪ್ಪು ಮಾಡಿರಲಿಲ್ಲ. ಎಲ್ಲರ ಎತ್ತು ಒಂದೇ ಗೂಟಕ್ಕೆ ಕಟ್ಟಿದ್ದವು, ಗೂಟ ಅಲ್ಲಾಡಿತು, ಅಷ್ಟೆ. ಇನ್ನೊಂದು ಬದಿಯೂ ಇದೆ: ಒಂದೊಂದು ಸಣ್ಣ ಬ್ಯಾಂಕು ತನ್ನ ತನ್ನ ಗೂಟವನ್ನು ತಾನೇ ಕಾಯಬೇಕಾಗಿದ್ದರೆ ಇಷ್ಟು ಬೇಗ ಎದ್ದು ನಿಲ್ಲುತ್ತಿದ್ದವೋ ಇಲ್ಲವೋ.

ಎರಡನೆಯದು 2025ರ ಜುಲೈದು. ನಯಾರಾ ಪೆಟ್ರೋಲ್ ಬಂಕ್ ನಮ್ಮ ಹೆದ್ದಾರಿಗಳಲ್ಲಿ ನೋಡಿದ್ದೀರಿ. ಗುಜರಾತಿನ ವಾಡಿನಾರದಲ್ಲಿ ಅವರ ದೊಡ್ಡ ತೈಲ ಶುದ್ಧೀಕರಣ ಕಾರ್ಖಾನೆ ಇದೆ. ರಷ್ಯಾದ ರಾಸ್‌ನೆಫ್ಟ್ ಕಂಪನಿಯ ಪಾಲು ಅದರಲ್ಲಿ ಇರುವುದರಿಂದ ಐರೋಪ್ಯ ಒಕ್ಕೂಟ ಅದರ ಮೇಲೆ ನಿರ್ಬಂಧ ಹಾಕಿತು. ಅದಾದ ಕೆಲವೇ ದಿನಕ್ಕೆ ಮೈಕ್ರೋಸಾಫ್ಟ್ ಸೇವೆ ನಿಂತಿತು. ಪೂರ್ತಿ ರೊಕ್ಕ ಕಟ್ಟಿದ ಲೈಸೆನ್ಸ್ ಇದ್ದರೂ ನಮ್ಮದೇ ಮಾಹಿತಿ ನಮಗೆ ಸಿಗುತ್ತಿಲ್ಲ ಎಂದು ನಯಾರಾದವರು ದೆಹಲಿ ಹೈಕೋರ್ಟಿಗೆ ಹೋದರು. ಜುಲೈ 30ರ ಹೊತ್ತಿಗೆ ಸೇವೆ ಮರಳಿತು. ಅಷ್ಟು ದೊಡ್ಡ ಕಂಪನಿಗೆ ಹೈಕೋರ್ಟಿನ ಮೆಟ್ಟಿಲು ಹತ್ತುವ ಶಕ್ತಿ ಇತ್ತು. ನಮ್ಮ ಸಂಘಕ್ಕೆ ಆ ಶಕ್ತಿ ಎಲ್ಲಿಂದ ಬರಬೇಕು? ಅದಕ್ಕೇ ಜಗಳ ಆದಮೇಲಿನ ವಕೀಲರಿಗಿಂತ, ಕರಾರಿಗೆ ಮೊದಲಿನ ಎಚ್ಚರ ಒಳ್ಳೆಯದು.

ಸರಕಾರವೂ ಇದೇ ಆನ್‌ಲೈನ್ ದಾರಿ ಹಿಡಿದಿದೆ. 2022ರ ಜೂನ್ 29ರಂದು ಕೇಂದ್ರ ಸಚಿವ ಸಂಪುಟವು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ಮೊದಲಿನ ಲೆಕ್ಕಕ್ಕೆ 63,000 ಸಂಘ, ಐದು ವರ್ಷ, 2,516 ಕೋಟಿ ರೂಪಾಯಿ. ಸಂಘಗಳ ಸಂಖ್ಯೆಯನ್ನು ಆಮೇಲೆ ಹೆಚ್ಚಿಸಲಾಯಿತು. ನಬಾರ್ಡ್ ಮೂಲಕ ದೇಶಕ್ಕೆಲ್ಲ ಒಂದೇ ಬಗೆಯ ಸಾಫ್ಟ್‌ವೇರ್, ಸಂಘದಿಂದ ಜಿಲ್ಲಾ ಬ್ಯಾಂಕಿಗೆ, ಅಲ್ಲಿಂದ ರಾಜ್ಯ ಬ್ಯಾಂಕಿಗೆ ಜೋಡಣೆ. ಒಂದೊಂದು ಊರಿನ ಸಂಘ ಒಬ್ಬೊಬ್ಬ ಮಾರಾಟಗಾರನ ಕೈಗೆ ಸಿಗುವ ಬದಲು ಎಲ್ಲರೂ ಕೂಡಿ ಚೌಕಾಸಿ ಮಾಡುವುದು ಇದರ ಒಳ್ಳೆಯ ಗುಣ. ನಮ್ಮದು ಆ ಯೋಜನೆಯ ಒಳಗಿನ ಸಂಘವಲ್ಲ. ನಮ್ಮ ಖರ್ಚು ನಾವೇ ನೋಡಿಕೊಳ್ಳಬೇಕು. ಆದರೆ ಪಾಠ ನಮಗೂ ಇದೆ. ಈ ಸುತ್ತಿನ ಹತ್ತು ಪತ್ತಿನ ಸಂಘಗಳು ಒಟ್ಟಾಗಿ ಒಂದೇ ಕಡೆ ದರ ಕೇಳಿದರೆ, ಒಬ್ಬೊಬ್ಬರೇ ಕೇಳುವುದಕ್ಕಿಂತ ದರವೂ ಇಳಿಯುತ್ತದೆ, ಷರತ್ತೂ ನಮ್ಮ ಮಾತಿನಂತೆ ಬರುತ್ತದೆ. ಬೀಜ-ಗೊಬ್ಬರದಲ್ಲಿ ಮಾಡಿದ ಸಹಕಾರವನ್ನು ಇಲ್ಲೂ ಮಾಡಬಹುದಲ್ಲ?

ಇನ್ನು ಸಹಿ ಹಾಕುವ ಮೊದಲು ಕೇಳಬೇಕಾದ ಮಾತುಗಳು. ಇವನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು, ಬಾಯಿಮಾತಿಗೆ ಬೆಲೆ ಇಲ್ಲ.

1. ಕಿರ್ದಿ, ಖತಾವಣಿ, ಸದಸ್ಯರ ಖಾತೆ ಎಲ್ಲವೂ ಸಂಘದ ಸ್ವತ್ತು, ಕಂಪನಿಯದು ಕಾಯುವ ಕೆಲಸ ಮಾತ್ರ ಎಂದು ಕರಾರಿನಲ್ಲಿ ಇರಬೇಕು.

2. ತಿಂಗಳ ಕೊನೆಗೆ ಪೂರ್ತಿ ಲೆಕ್ಕದ ಪ್ರತಿ ನಮ್ಮ ಕೈಗೆ ಬರಬೇಕು. ಬೇರೆ ಸಾಫ್ಟ್‌ವೇರಿನಲ್ಲೂ ತೆರೆಯುವಂತೆ ಇರಬೇಕು. ಅದರ ಜೊತೆ ತಾಳೆಪಟ್ಟಿಯನ್ನು ಕಾಗದದ ಮೇಲೆ ತೆಗೆದು ಕಾರ್ಯದರ್ಶಿಗಳ ಸಹಿ ಹಾಕಿ ಕಪಾಟಿನಲ್ಲಿ ಇಡಬೇಕು.

3. ಚಂದಾ ಕಟ್ಟುವುದು ತಡವಾದರೆ ಒಮ್ಮೆಲೇ ಬೀಗ ಹಾಕಬಾರದು. ಕಡಿಮೆ ಎಂದರೆ 90 ದಿನ ಹಳೆಯ ಲೆಕ್ಕ ನೋಡಲು, ಇಳಿಸಿಕೊಳ್ಳಲು ಬಿಡಬೇಕು.

4. ಮುಂದಿನ ಐದು ವರ್ಷ ಚಂದಾ ಎಷ್ಟರ ಮೇಲೆ ಏರಿಸಬಾರದು ಎಂಬ ಮಿತಿ ಇರಬೇಕು.

5. ಕರೆಂಟು ಹೋದಾಗ, ನೆಟ್ ಸಿಗದಾಗ ಕೌಂಟರ್ ಹೇಗೆ ನಡೆಯಬೇಕು ಎಂಬುದನ್ನು ಮೊದಲೇ ನಿಲ್ಲಿಸಬೇಕು. ರಶೀದಿ ಪುಸ್ತಕ ಸುಡಬೇಡಿರಿ. ಪಿಗ್ಮಿ ಕಟ್ಟಲು ಬಂದ ಕೂಲಿಕಾರಳಿಗೆ "ಸರ್ವರ್ ಡೌನ್ ಐತಿ, ನಾಳೆ ಬಾ" ಎಂದರೆ ಅವಳ ಆ ದಿನದ ಉಳಿತಾಯ ನಾಳೆಗೆ ಉಳಿದಿರುವುದಿಲ್ಲ.

6. ಸಿಬ್ಬಂದಿ ಒಬ್ಬೊಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್ ಇರಬೇಕು. ಕಂಪನಿಯ ಮನುಷ್ಯ ಒಳಗೆ ಹೊಕ್ಕರೂ ಯಾವಾಗ ಹೊಕ್ಕ, ಏನು ತಿದ್ದಿದ ಎಂಬ ದಾಖಲೆ ನಮಗೆ ಕಾಣಬೇಕು.

7. ಸದಸ್ಯರ ಆಧಾರ್, ಫೋನ್ ನಂಬರು, ಸಾಲದ ವಿವರ ಬೇರೆಯವರಿಗೆ ಕೊಡಬಾರದು. 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೆಂದೇ ಕಾಯಿದೆ ಆಗಿದೆ. ಜವಾಬ್ದಾರಿ ಕಂಪನಿಯ ಮೇಲೆ ಹಾಕಿ ಸಂಘ ಕೈ ತೊಳೆದುಕೊಳ್ಳಲು ಬರುವುದಿಲ್ಲ.

8. ತಂಟೆ ಬಂದರೆ ಧಾರವಾಡ ಜಿಲ್ಲೆಯ ನ್ಯಾಯಾಲಯದಲ್ಲೇ ತೀರ್ಮಾನ ಎಂದು ಬರೆಸಿರಿ. ಇಲ್ಲವಾದರೆ ದೂರದ ಊರಿಗೆ ಅಲೆಯಬೇಕಾದೀತು. ಕನ್ನಡದಲ್ಲಿ ಪಾಸ್‌ಬುಕ್, ಕನ್ನಡದಲ್ಲಿ ಉತ್ತರ ಕೊಡುವ ಮನುಷ್ಯ ಬೇಕೆಂದೂ ಸೇರಿಸಿರಿ.

ಇಷ್ಟಕ್ಕೆ ಒಪ್ಪುವ ಕಂಪನಿ ಸಿಕ್ಕರೆ ಚಂದಾ ಪದ್ಧತಿಗೆ ಹೋಗುವುದರಲ್ಲಿ ತಪ್ಪಿಲ್ಲ ಎಂಬುದು ನನ್ನ ಅಭಿಪ್ರಾಯ. ಒಪ್ಪದಿದ್ದರೆ, ಅವರು ಎಷ್ಟು ಸೋವಿ ಹೇಳಿದರೂ ಕೈ ಮುಗಿದು ಕಳಿಸಿರಿ. ಹೋಗುವುದಾದರೂ ಹಳೆಯದನ್ನು ಒಮ್ಮೆಲೇ ಮುಚ್ಚಬೇಡಿರಿ. ಮೂರು ತಿಂಗಳು ಎರಡರಲ್ಲೂ ಬರೆಯಿರಿ. ಕೆಲಸ ದುಪ್ಪಟ್ಟು ಆಗುತ್ತದೆ, ಸಿಬ್ಬಂದಿ ಬೇಸರ ಮಾಡಿಕೊಳ್ಳಬಾರದು. ಎರಡರ ತಾಳೆಪಟ್ಟಿ ಮೂರು ತಿಂಗಳೂ ಪೈಸೆಗೆ ಪೈಸೆ ಕೂಡಿದ ಮೇಲೆ, ಮಾರ್ಚ್ 31ರ ಅಢಾವೆ ಪತ್ರಿಕೆ ಆದ ನಂತರ, ಹೊಸದಕ್ಕೆ ಪೂರ್ತಿ ಹೋಗಿರಿ.

ಕೊನೆಯ ಒಂದು ಮಾತು. ಇದು ಕಂಪ್ಯೂಟರ್ ಬಲ್ಲ ಹುಡುಗರ ವಿಷಯ, ನಮಗ ತಿಳಿಯೂದಿಲ್ಲ ಎಂದು ಹಿರಿಯರು ಸುಮ್ಮನೆ ಕೂಡಬಾರದು. ಲಾವಣಿ ಕರಾರು ಮಾಡುವಾಗ ಮುದ್ದತು, ದರ, ಹೊಲ ಬಿಡುವಾಗ ನಿಂತ ಬೆಳೆ ಯಾರದು ಎಂಬ ಮೂರು ಮಾತು ನೀವು ಕೇಳಿಯೇ ಕೇಳುತ್ತೀರಿ. ಇಲ್ಲೂ ಕೇಳಬೇಕಾದದ್ದು ಅವೇ ಮೂರು ಮಾತು. ಮಹಾಸಭೆಯಲ್ಲಿ ಒಂದು ಶೇರು ಇದ್ದವನಿಗೂ ಒಂದೇ ಮತ, ನೂರು ಶೇರು ಇದ್ದವನಿಗೂ ಒಂದೇ ಮತ. ಆ ಮತವನ್ನು ಈ ಠರಾವಿಗೂ ಬಳಸಿರಿ. ಯಂತ್ರ ಯಾರದಾದರೂ ಇರಲಿ, ಲೆಕ್ಕ ಮಾತ್ರ ನಮ್ಮದಾಗಿರಲಿ.